ಆತ್ಮರಕ್ಷಣೆಗೆ ಬಂದೂಕು ಪರವಾನಗಿ: ಆನ್‌ಲೈನ್ ಸೇವೆ ಹೇಗಿದೆ?

ಕೇಂದ್ರ ಗೃಹ ಸಚಿವಾಲಯದ ಎನ್‌ಡಿಎಎಲ್-ಎಎಲ್‌ಐಎಸ್ ಪೋರ್ಟಲ್‌ನಲ್ಲಿ ಬಂದೂಕು ಪರವಾನಗಿಗೆ ಅರ್ಜಿ ಹಾಕುವುದು ಕಷ್ಟವಲ್ಲ. ನಮೂನೆ ಎ-1 ತುಂಬಿ ದಾಖಲೆ ಏರಿಸಿದರೆ ಅರ್ಜಿ ಸಂಖ್ಯೆ ಸಿಗುತ್ತದೆ. ಆದರೆ ಈ ಸೇವೆಯ ನಿಜವಾದ ತೂಕ ಇರುವುದು ‘ಯಾಕೆ ಬೇಕು’ ಎಂಬ ಕಾಲಂನಲ್ಲಿ.

ಜೀವಭಯದ ಮಾತನ್ನು ಹೇಳಬೇಕಾದ ಜಾಗ ಅದೇ. ಪರವಾನಗಿ ಇಲ್ಲದ ಬಂದೂಕು ಸಿಕ್ಕಿಬಿದ್ದ ಮೇಲೆ ಕೋರ್ಟಿನಲ್ಲಿ ಹೇಳಿದರೆ ಹೆಚ್ಚೆಂದರೆ ಶಿಕ್ಷೆಯ ಪ್ರಮಾಣ ಕಡಿಮೆಯಾದೀತು, ಬಿಡುಗಡೆ ಸಿಗುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳು ಕಾಯುವುದು ದಾಳಿ ನಡೆಯುವ ಹೊತ್ತಿನ ಪ್ರತಿರೋಧವನ್ನು. ತಿಂಗಳುಗಟ್ಟಲೆ ಬೀರುವಿನಲ್ಲಿದ್ದ ನಾಡಬಂದೂಕಿಗೆ ಅವು ರಕ್ಷಣೆ ಕೊಡುವುದಿಲ್ಲ. ಕೊಲೆ ಆರೋಪದಿಂದ ಆತ್ಮರಕ್ಷಣೆಯ ಕಾರಣಕ್ಕೇ ಪಾರಾದರೂ ಪರವಾನಗಿ ಇಲ್ಲದೆ ಬಂದೂಕು ಇಟ್ಟುಕೊಂಡ ಅಪರಾಧ, ಅಂದರೆ ಶಸ್ತ್ರಾಸ್ತ್ರ ಕಾಯ್ದೆಯ 25(1ಬಿ)(ಎ), ಬೇರೆಯಾಗಿಯೇ ಉಳಿಯುತ್ತದೆ. 2019ರ ತಿದ್ದುಪಡಿಯ ನಂತರ ಅದಕ್ಕೆ 2ರಿಂದ 5 ವರ್ಷ ಜೈಲು. ಮುಂಬೈ ಗಲಭೆಯ ದಿನಗಳಲ್ಲಿ ಮನೆಯವರ ರಕ್ಷಣೆಗೆಂದು ಎಕೆ-56 ಇಟ್ಟುಕೊಂಡಿದ್ದಾಗಿ ಹೇಳಿದ್ದ ನಟ ಸಂಜಯ್ ದತ್‌ಗೆ ವಿಧಿಸಿದ್ದ 6 ವರ್ಷದ ಶಿಕ್ಷೆಯನ್ನು 2013ರಲ್ಲಿ ಸುಪ್ರೀಂ ಕೋರ್ಟ್ 5 ವರ್ಷಕ್ಕೆ ಇಳಿಸಿತು, ಬಿಡುಗಡೆ ಮಾಡಲಿಲ್ಲ.

ಅರ್ಜಿಗಳು ಸೋಲುವುದು ಹೆಚ್ಚಾಗಿ ಠಾಣೆಯ ವರದಿಯಲ್ಲಿ. ‘ನನಗೆ ಶತ್ರುಗಳಿದ್ದಾರೆ’ ಎಂದು ಬರೆದರೆ ಸಾಲದು. ಬೆದರಿಕೆಯ ಎಫ್‌ಐಆರ್, ದೂರು ಕೊಟ್ಟಾಗ ಠಾಣೆಯವರು ನೀಡಿದ ಹಿಂಬರಹ, ಜಮೀನು ವ್ಯಾಜ್ಯವಿದ್ದರೆ ದಾವೆಯ ಪ್ರತಿ, ನಗದು ಸಾಗಿಸುವ ವ್ಯಾಪಾರವಾದರೆ ಅದರ ಲೆಕ್ಕಪತ್ರ, ಇವೆಲ್ಲ ದಿನಾಂಕದ ಕ್ರಮದಲ್ಲಿರಲಿ. ಒಂಟಿಮನೆಯಾದರೆ ಠಾಣೆ ಎಷ್ಟು ದೂರ ಎಂಬುದನ್ನೂ ಬರೆಯಿರಿ. ನೆರವು ಬರಲು ಹಿಡಿಯುವ ಸಮಯ ಬಲವಾದ ಕಾರಣ, ಅದನ್ನೇ ಬಹಳ ಮಂದಿ ಬಿಟ್ಟುಬಿಡುತ್ತಾರೆ.

ಯಾವ ಬಂದೂಕು ಕೇಳುತ್ತೀರಿ ಎಂಬುದೂ ಮುಖ್ಯ. ನಳಿಗೆ 20 ಇಂಚಿಗೆ ಕಡಿಮೆಯಿಲ್ಲದ, ಒಳಗೆ ಗೀರಿಲ್ಲದ ಬಂದೂಕನ್ನು ರಕ್ಷಣೆಗೆಂದು ಕೇಳಿದರೆ, ಶಸ್ತ್ರಾಸ್ತ್ರ ಕಾಯ್ದೆಯ 14ನೇ ಸೆಕ್ಷನ್‌ನ ನಿರಾಕರಣೆಯ ಕಾರಣಗಳು ಇಲ್ಲದಿದ್ದಲ್ಲಿ ಪರವಾನಗಿ ಕೊಡಬೇಕು ಎನ್ನುತ್ತದೆ ಅದೇ ಕಾಯ್ದೆಯ 13(3)(ಎ). .32 ರಿವಾಲ್ವರ್‌ಗಾದರೆ ‘ಸಕಾರಣ’ ಇದೆಯೆಂದು ಅಧಿಕಾರಿಗೆ ಮನವರಿಕೆಯಾಗಬೇಕು. ತೋಟದ ಮನೆಗೆ ಗೀರಿಲ್ಲದ ನಳಿಗೆಯ 12 ಬೋರ್ ಸಾಕು. ರಿವಾಲ್ವರ್‌ಗೆ ಹಟ ಹಿಡಿದು ಅರ್ಜಿಯನ್ನೇ ಕೆಡಿಸಿಕೊಳ್ಳಬೇಡಿ.

ತರಬೇತಿಯ ಪ್ರಮಾಣಪತ್ರ ನಮೂನೆ ಎಸ್-1ರಲ್ಲೇ ಇರಬೇಕು. ಜಿಲ್ಲಾ ಪೊಲೀಸರ ನಾಗರಿಕ ಬಂದೂಕು ತರಬೇತಿಗೆ ಸೇರುವ ಮುಂಚೆ ಅದನ್ನು ಕೇಳಿಕೊಳ್ಳಿ. ವೈದ್ಯಕೀಯ ಪ್ರಮಾಣಪತ್ರ ಬೇರೆ ಬೇಕು.

ಸೇವೆಯ ದೊಡ್ಡ ಕೊರತೆ ನಿರಾಕರಣೆಯ ಘಟ್ಟದಲ್ಲಿದೆ. ‘ಪೊಲೀಸ್ ವರದಿ ಪ್ರತಿಕೂಲ’ ಎಂಬ ಒಂದು ಸಾಲಿನ ಆದೇಶದಿಂದ ಅರ್ಜಿದಾರನಿಗೆ ಏನೂ ತಿಳಿಯುವುದಿಲ್ಲ. ಕಾರಣವನ್ನು ಬರಹದಲ್ಲಿ ದಾಖಲಿಸುವುದು ಅಧಿಕಾರಿಯ ಕರ್ತವ್ಯ, ಕೇಳಿದರೆ ಅದರ ಸಾರಾಂಶ ಕೊಡಬೇಕು. ಸಾರ್ವಜನಿಕ ಹಿತಕ್ಕೆ ಧಕ್ಕೆ ಎನಿಸಿದಾಗ ಮಾತ್ರ ಕೊಡದಿರಬಹುದು. ಲಿಖಿತವಾಗಿ ಕೇಳಿ, 30 ದಿನದೊಳಗೆ ಮೇಲ್ಮನವಿ ಹಾಕಿ.

ಪರವಾನಗಿಯ ಅವಧಿ ಈಗ 5 ವರ್ಷ. ಚುನಾವಣೆಗೆಂದು ಠಾಣೆಯಲ್ಲಿ ಜಮೆ ಮಾಡಿದ ಬಂದೂಕಿಗೂ ನವೀಕರಣ ತಪ್ಪುವುದಿಲ್ಲ, ರಸೀದಿ ಜೋಪಾನ. ಕೊಡವರು ಮತ್ತು ಕೊಡಗಿನ ಜಮ್ಮಾ (ಪಾರಂಪರಿಕ ಭೂಮಿ) ಹಿಡುವಳಿದಾರರಿಗೆ 2029ರ ಅಕ್ಟೋಬರ್ 31ರವರೆಗೆ ಪರವಾನಗಿಯಿಂದ ವಿನಾಯಿತಿ ಇದೆ. ಆದರೆ ಗುಂಡು ಹಾರಿಸಿದ್ದು ಆತ್ಮರಕ್ಷಣೆಗೇ ಎಂದು ತೋರಿಸುವ ಹೊಣೆ ಅವರಿಗೂ ತಪ್ಪಿದ್ದಲ್ಲ.