ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್: ಬಳಸಿ ನೋಡಿದ ಅಭಿಪ್ರಾಯ

ದಮ್ಮಿನ ತೊಂದರೆಯಿರುವ ನಮ್ಮ ತಂದೆಯವರಿಗಾಗಿ ವಿಜಯಪುರದ ಔಷಧದಂಗಡಿಯೊಂದರಲ್ಲಿ ಕೊಂಡ ಈ ಆಕ್ಸಿಮೀಟರ್ ಮನೆಬಳಕೆಗೆ ಯೋಗ್ಯವಾಗಿದೆ. ಸುಮಾರು 660 ನ್ಯಾನೊಮೀಟರ್ ತರಂಗಾಂತರದ ಕೆಂಪು ಬೆಳಕನ್ನೂ 940 ನ್ಯಾನೊಮೀಟರ್‌ನ, ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನೂ ಬೆರಳಿನ ಮೂಲಕ ಹಾಯಿಸಿ, ಅವೆರಡೂ ನಾಡಿಯ ಬಡಿತದೊಂದಿಗೆ ಎಷ್ಟೆಷ್ಟು ಹೀರಲ್ಪಡುತ್ತವೆ ಎಂಬುದರಿಂದ ರಕ್ತದಲ್ಲಿನ ಆಮ್ಲಜನಕವನ್ನು ಅಂದಾಜಿಸುವ ಈ ವಿಧಾನವನ್ನು 1970ರ ದಶಕದಲ್ಲಿ ರೂಪಿಸಿದವರು ಜಪಾನಿನ ಎಂಜಿನಿಯರ್ ಟಕುವೊ ಅಯೋಯಾಗಿ. ಸೂಜಿ ಚುಚ್ಚದೆಯೇ ಇಷ್ಟು ತಿಳಿಯುವುದು ನಿಜಕ್ಕೂ ದೊಡ್ಡ ಉಪಕಾರ.

ಚಳಿಗಾಲದ ಬೆಳಗಿನಲ್ಲಿ ಬೆರಳು ತಣ್ಣಗಿದ್ದರೆ ಪರದೆಯ ಮೇಲೆ ಬರೀ ಗೆರೆಗಳು ಮೂಡುತ್ತವೆ. ಅಂಗೈ ಉಜ್ಜಿ ಬೆಚ್ಚಗಾಗಿಸಿದ ಮೇಲೆ ಆಮ್ಲಜನಕದ ಮಟ್ಟ ಶೇಕಡ 96 ಎಂದು ಸ್ಥಿರವಾಗಿ ತೋರಿಸುತ್ತದೆ. ಉಗುರಿಗೆ ಗಾಢ ಬಣ್ಣ ಹಚ್ಚಿದ್ದರೂ ಅಳತೆ ತಪ್ಪಬಹುದು. ಕಪ್ಪು ಚರ್ಮದವರಲ್ಲಿ ಇಂಥ ಉಪಕರಣಗಳು ಕೆಲವೊಮ್ಮೆ ಇರುವುದಕ್ಕಿಂತ ಹೆಚ್ಚಿನ ಅಂಕಿ ತೋರಿಸುತ್ತವೆ ಎಂಬುದು ನಮ್ಮ ಭಾಗದವರು ಅವಶ್ಯವಾಗಿ ಗಮನಿಸಬೇಕಾದ ಸಂಗತಿ. ಉಸಿರಾಟಕ್ಕೆ ಕಷ್ಟವಾಗುತ್ತಿದ್ದರೆ ಅಂಕಿಯನ್ನು ನಂಬಿ ಕೂರದೆ ವೈದ್ಯರಲ್ಲಿಗೆ ಹೋಗಬೇಕು. ಇಷ್ಟು ಮುಖ್ಯವಾದ ಸೂಚನೆಗಳುಳ್ಳ ಕೈಪಿಡಿಯನ್ನು ತಯಾರಕರು ಕನ್ನಡದಲ್ಲಿ ಕೊಡದಿರುವುದೇ ನನ್ನ ದೊಡ್ಡ ಆಕ್ಷೇಪ.