ಜಮೋವಿ: ಫೈಲಿನಲ್ಲಿ ಕೊಳೆಯುವ ಅಂಕಿಗಳಿಗೆ ಪುಕ್ಕಟೆ ಲೆಕ್ಕಿಗ

ಮನೋರೋಗ ವಿಭಾಗದ ಆಕ್ಯುಪೇಷನಲ್ ಥೆರಪಿಸ್ಟ್‌ಗಳ (ದಿನನಿತ್ಯದ ಕೆಲಸಗಳ ಮೂಲಕ ಚಿಕಿತ್ಸೆ ಕೊಡುವವರು) ಹತ್ತಿರ ಅಂಕಿಗಳಿಗೆ ಬರವಿಲ್ಲ. ಲೆಕ್ಕ ಹಾಕುವವರು ಸಿಗದೆ ಸಂಶೋಧನಾ ಪ್ರಬಂಧ ಅಲ್ಲಿಗೇ ನಿಲ್ಲುತ್ತದೆ. ಎಸ್‌ಪಿಎಸ್‌ಎಸ್ ಎಂಬ ಅಂಕಿಅಂಶ ಸಾಫ್ಟ್‌ವೇರಿನ ಲೈಸನ್ಸ್ ಬೆಳಗಾವಿಯ ಸಣ್ಣ ಡೇ ಕೇರ್ ಸೆಂಟರುಗಳಿಗೆ ಎಟುಕದು. ಅದೇ ಬಗೆಯ ಲೆಕ್ಕ ಹಾಕುವ ಜಮೋವಿ ಸಾಫ್ಟ್‌ವೇರಿಗೆ ದುಡ್ಡು ಕೊಡಬೇಕಿಲ್ಲ. ಒಳಗೆ ದುಡಿಯುವುದು ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಾದರೂ ಒಂದು ಸಾಲು ಕೋಡ್ ಬರೆಯಬೇಕಿಲ್ಲ. ಡೆಸ್ಕ್‌ಟಾಪ್ ಆವೃತ್ತಿ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ, ರೋಗಿಗಳ ಮಾಹಿತಿ ನಿಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಆದರೂ ಹೆಸರು ಹಾಕಬೇಡಿ, ಕೋಡ್ ನಂಬರ್ ಸಾಕು.

ಸಿಒಪಿಎಂ (ಕೆನೇಡಿಯನ್ ಆಕ್ಯುಪೇಷನಲ್ ಪರ್ಫಾರ್ಮೆನ್ಸ್ ಮೆಷರ್) ಅಳತೆಯನ್ನೇ ತೆಗೆದುಕೊಳ್ಳಿ. ರೊಟ್ಟಿ ಬಡಿಯುವುದು, ಒಬ್ಬರೇ ಬಸ್ ಹತ್ತಿ ಖಾನಾಪುರಕ್ಕೆ ಹೋಗಿಬರುವುದು, ಹೀಗೆ ರೋಗಿಯೇ ಆರಿಸಿದ ಹೆಚ್ಚೆಂದರೆ ಐದು ಕೆಲಸಗಳಿಗೆ ನಿರ್ವಹಣೆ, ತೃಪ್ತಿ ಎರಡಕ್ಕೂ 1ರಿಂದ 10ರ ಅಂಕ. ಒಬ್ಬ ರೋಗಿಗೆ ಒಂದೇ ಸಾಲು. ಚಿಕಿತ್ಸೆಗೆ ಮುಂಚಿನ ಸರಾಸರಿ ಒಂದು ಕಾಲಂ, ನಂತರದ್ದು ಪಕ್ಕದ ಕಾಲಂ. ಬಹುಪಾಲು ಜನ ಎಡವುವುದು ಇಲ್ಲೇ: ಎರಡನ್ನೂ ಒಂದರ ಕೆಳಗೊಂದು ಬರೆದುಬಿಡುತ್ತಾರೆ, ಆಮೇಲೆ ಒಬ್ಬರದೇ ಮುಂಚಿನ, ನಂತರದ ಅಂಕ ಹೋಲಿಸುವ ಪೇರ್ಡ್ ಟೆಸ್ಟಿಗೆ ಜೋಡಿ ಸಿಗುವುದಿಲ್ಲ. ಒಂದೇ ಒಂದು ಖಾನೆಯಲ್ಲಿ ‘4-5’ ಎಂದು ಗೀಚಿದರೂ ಸಾಕು, ಇಡೀ ಕಾಲಮನ್ನು ಜಮೋವಿ ಅಕ್ಷರವೆಂದೇ ಓದುತ್ತದೆ.

ಆಮೇಲೆ ಟಿ-ಟೆಸ್ಟ್ಸ್ ಮೆನುವಿನಲ್ಲಿ ಪೇರ್ಡ್ ಸ್ಯಾಂಪಲ್ಸ್. ಹತ್ತು-ಹನ್ನೆರಡೇ ರೋಗಿಗಳಿದ್ದು ಅಂಕಗಳು ಒಂದೇ ಕಡೆ ವಾಲಿದ್ದರೆ ಅಂಥ ಅಂಕಗಳಿಗೂ ಒಗ್ಗುವ ವಿಲ್ಕಾಕ್ಸನ್ ಪರೀಕ್ಷೆಗೂ ಟಿಕ್ ಹಾಕಿ. ಬದಲಾವಣೆ ಎಷ್ಟು ದೊಡ್ಡದೆಂದು ಹೇಳುವ ಎಫೆಕ್ಟ್ ಸೈಜ್ ಮರೆಯಬೇಡಿ. ಕಂಪ್ಯೂಟೆಡ್ ವೇರಿಯಬಲ್‌ನಲ್ಲಿ (ಸೂತ್ರದಿಂದ ತುಂಬುವ ಕಾಲಂ) ನಂತರದ್ದರಿಂದ ಮುಂಚಿನದನ್ನು ಕಳೆದು, 2 ಅಥವಾ ಹೆಚ್ಚು ಅಂಕ ಏರಿದವರು ಎಷ್ಟು ಜನ ಎಣಿಸಿ. ಗಮನಾರ್ಹ ಸುಧಾರಣೆ ಎನ್ನಲು ಸಿಒಪಿಎಂನಲ್ಲಿ ರೂಢಿಯಲ್ಲಿರುವ ಗಡಿ ಅದೇ. ವಾರ್ಡಿನ ಡಾಕ್ಟರಿಗೆ ಟೆಸ್ಟ್ ಕೊಡುವ ಪಿ ವ್ಯಾಲ್ಯೂಗಿಂತ (ಚಿಕಿತ್ಸೆಯಿಂದ ಏನೂ ಬದಲಾಗದಿದ್ದರೂ ಇಷ್ಟು ವ್ಯತ್ಯಾಸ ಬರುವ ಸಂಭವ) ಈ ಸಂಖ್ಯೆ ಬೇಗ ಅರ್ಥವಾಗುತ್ತದೆ. ಡೇಟಾ ತಿದ್ದಿದರೆ ಟೇಬಲ್ ತಾನಾಗಿಯೇ ಬದಲಾಗುತ್ತದೆ; ನಮಗೆ ಅತಿ ಮೆಚ್ಚುಗೆಯಾದದ್ದು ಇದೇ.

ಸಾಫ್ಟ್‌ವೇರ್ ಹಿಡಿಯದ ತಪ್ಪುಗಳೂ ಇವೆ. ಚಿಕಿತ್ಸೆ ನಡೆದ ಅವಧಿಯಲ್ಲೇ ಔಷಧಿಯ ಡೋಸ್ ಬದಲಾಗಿದ್ದರೆ ಅಂಕ ಏರಿದ್ದು ಯಾವುದರಿಂದ? ಹೋಲಿಕೆಗೆ ಇನ್ನೊಂದು ಗುಂಪಿಲ್ಲದ ಅಧ್ಯಯನದಲ್ಲಿ ಉತ್ತರ ಸಿಗದು, ಕನಿಷ್ಠ ‘ಔಷಧಿ ಬದಲು’ ಎಂಬ ಕಾಲಮ್ಮಾದರೂ ಇರಲಿ. ಬೆಳಗಾವಿಯಲ್ಲಿ ‘ಸಂದರ್ಶನದ ಭಾಷೆ’ಗೂ ಒಂದು ಕಾಲಂ ಬೇಕು. ಕೆಲವರನ್ನು ಕನ್ನಡದಲ್ಲಿ, ಕೆಲವರನ್ನು ಮರಾಠಿಯಲ್ಲಿ ಕೇಳುತ್ತೇವೆ. ‘ತೃಪ್ತಿ’ ಎಂಬ ಪದವನ್ನು ಒಬ್ಬೊಬ್ಬ ಥೆರಪಿಸ್ಟ್ ಒಂದೊಂದು ರೀತಿ ವಿವರಿಸಿದರೆ ಅಂಕಗಳು ಹೊಂದುವುದಿಲ್ಲ. ಪ್ರಶ್ನೆಯ ಮಾತುಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ. ಎಥಿಕ್ಸ್ ಕಮಿಟಿಯ ಒಪ್ಪಿಗೆಯೂ ಡೇಟಾ ಸಂಗ್ರಹಕ್ಕೆ ಮುಂಚೆಯೇ.

ಕೊರತೆಗಳು: ಎಷ್ಟು ರೋಗಿಗಳು ಬೇಕೆಂದು ಲೆಕ್ಕ ಹಾಕಲು ಜೆಪವರ್ ಎಂಬ ಮಾಡ್ಯೂಲನ್ನು ಬೇರೆ ಸೇರಿಸಿಕೊಳ್ಳಬೇಕು. ರೋಗಿಗಳ, ಮನೆಯವರ ಮಾತುಗಳನ್ನು ವಿಂಗಡಿಸಲು ಜಮೋವಿಗೆ ಬರದು, ಅದಕ್ಕೆ ಎಕ್ಸೆಲ್ ಶೀಟು, ಬಣ್ಣದ ಪೆನ್ನೇ ಗತಿ.