ಕಡಲ ದಂಡೆಯ ತೋಟದ ಮನೆಗೆ ಮುಂಗಡ ಕೊಡುವ ಮುಂಚೆ ಇದನ್ನೊಮ್ಮೆ ಓದಿ

"ಸಮುದ್ರಕ್ಕೆ ತಾಗಿದ 6 ಎಕರೆ ತೆಂಗಿನ ತೋಟ. ಹಳೇ ಹೆಂಚಿನ ಮನೆ, ಎರಡು ಹೊಸ ಕಾಟೇಜು, ಸಿಹಿನೀರಿನ ಬಾವಿ. ಅಕ್ಕಪಕ್ಕ ಯಾರೂ ಇಲ್ಲ, ಪೂರ್ತಿ ಏಕಾಂತ."

ಜಾಗ ಕುಂದಾಪುರದಿಂದ ಬೈಂದೂರಿನ ಕಡೆಗೆ. ಊರಿನ ಹೆಸರು ಹೇಳುವುದಿಲ್ಲ, ವಕೀಲರ ನೋಟಿಸು ಇನ್ನೂ ಓಡಾಡುತ್ತಿದೆ. ಹೋದ ವಾರ ನನ್ನ ಷಡ್ಡಕ ಇದೇ ಜಾಹೀರಾತನ್ನು ಫೋನಿಗೆ ಕಳಿಸಿ "ಭಾವ, ಇದು ನೀವು ನೋಡಿದ್ದೇ ಅಲ್ವಾ?" ಅಂದ. ಅದೇ. ಯಾರಿಗೋ ಮತ್ತೆ ತೋರಿಸುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹಾಸನದ ಕಡೆಯವನು. ಅಪ್ಪನ ಜಮೀನಿನ ಪಹಣಿ, ಮ್ಯುಟೇಶನ್, ಪೋಡಿ ಎಲ್ಲ ನೋಡಿಕೊಂಡೇ ಬೆಳೆದವನು. ಕಾಗದಪತ್ರದಲ್ಲಿ ನನಗೆ ಯಾರೂ ಟೋಪಿ ಹಾಕಲಾರರು ಅನ್ನೋ ಧೈರ್ಯ ಇತ್ತು. ಕೆಡಿಸಿದ್ದೇ ಆ ಧೈರ್ಯ. 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಂ ತೆಗೆದುಹಾಕಿದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಬೆಂಗಳೂರಿನಲ್ಲಿ ರಿಟೈರ್ ಆಗಿ ಕರಾವಳಿಯಲ್ಲಿ ತೋಟ ಹುಡುಕುವ ನನ್ನಂಥವರು ಆಮೇಲೆ ಎಷ್ಟೋ ಜನ ಸಿಕ್ಕಿದ್ದಾರೆ. ನಮ್ಮನ್ನು ನೋಡಿದರೆ ದಲ್ಲಾಳಿಗಳಿಗೆ ದೂರದಿಂದಲೇ ಗೊತ್ತಾಗುತ್ತೆ ಅಂತ ಕಾಣುತ್ತೆ.

ನಾವು ಹೋದದ್ದು ಡಿಸೆಂಬರ್‌ನಲ್ಲಿ. ಆ ತಿಂಗಳಲ್ಲಿ ಕರಾವಳಿಯಲ್ಲಿ ಕೆಟ್ಟ ಜಾಗ ಅನ್ನೋದೇ ಇರುವುದಿಲ್ಲ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ. ಅದನ್ನು ನೋಡಿದಾಗಲೇ ನನ್ನ ಹೆಂಡತಿ ಅರ್ಧ ಒಪ್ಪಿಬಿಟ್ಟಿದ್ದಳು. ತೋಟಕ್ಕೆ ಹೋದರೆ ಸಾಲು ತೆಂಗು, ಆಚೆ ಮರಳು, ಆಚೆ ನೀಲಿ. ಕೆಂಪುಕಲ್ಲಿನ ಮೆಟ್ಟಿಲು, ಚಾವಡಿ, ಮರದ ಕಂಬ. ದಲ್ಲಾಳಿ ತಾನೇ ಬಾವಿಯಿಂದ ಒಂದು ಕೊಡ ನೀರು ಸೇದಿ, ಬೊಗಸೆಯಲ್ಲಿ ಕುಡಿದು ತೋರಿಸಿದ. ನಾನೂ ಕುಡಿದೆ. ನಿಜಕ್ಕೂ ಸಿಹಿಯಾಗಿತ್ತು.

ಬೇಲಿಯ ಆಚೆ ಒಬ್ಬ ಅಜ್ಜಿ ಸೊಪ್ಪು ಕೊಯ್ಯುತ್ತಿದ್ದರು. ನಮ್ಮನ್ನೇ ನೋಡುತ್ತಿದ್ದವರು ಕೊನೆಗೆ ಅಂದರು: "ಹ್ವಾಯ್, ಬೇಸ್ಗಿಯಂಗ್ ಬಂದ್ ಕುಡ್ದ್ ಕಾಣಿ." ದಲ್ಲಾಳಿ ನಕ್ಕುಬಿಟ್ಟ. "ಅವರು ಹಾಗೇ ಸಾರ್, ಯಾರು ಬಂದರೂ ಏನಾದರೂ ಹೇಳ್ತಾರೆ." ನಾನೂ ನಕ್ಕೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತೆ.

ಎರಡು ದಿನದಲ್ಲಿ ಸ್ಟಾಂಪ್ ಪೇಪರ್ ಮೇಲೆ ಕರಾರು ಆಯಿತು. ಐದು ಲಕ್ಷ ಮುಂಗಡ. "ಖರೀದಿದಾರರು ಹಿಂದೆ ಸರಿದರೆ ಮುಂಗಡ ಮುಟ್ಟುಗೋಲು" ಅನ್ನೋ ಸಾಲು ಅದರಲ್ಲಿತ್ತು. ಓದಿದ್ದೆ. ನಾವು ಯಾಕೆ ಹಿಂದೆ ಸರಿಯುತ್ತೇವೆ ಅಂದುಕೊಂಡು ಸಹಿ ಹಾಕಿದೆ. ರಿಜಿಸ್ಟ್ರೇಶನ್‌ಗೆ ಆರು ತಿಂಗಳ ಗಡುವು.

ಪಹಣಿ ಕೊಟ್ಟಿದ್ದರು. ವಿಸ್ತೀರ್ಣದ ಕಾಲಂನಲ್ಲಿ 2.18 ಅಂತಿತ್ತು. ಎರಡು ಎಕರೆ ಹದಿನೆಂಟು ಗುಂಟೆ ಅಂತ ಓದಿಕೊಂಡೆ. ಉಳಿದ ಜಾಗ ಬೇರೆ ಸರ್ವೆ ನಂಬರಿನಲ್ಲಿದೆ, ಅದರ ಪಹಣಿ ಆಮೇಲೆ ಬರುತ್ತೆ ಅಂದರು. ಹೂಂ ಅಂದೆ. ಮೊದಲ ಪೆಟ್ಟು ಇಲ್ಲೇ. ಆ ಕಡೆ ಲೆಕ್ಕ ಗುಂಟೆಯಲ್ಲ, ಸೆಂಟ್ಸ್. ನಮ್ಮಲ್ಲಿ ಎಕರೆಗೆ 40 ಗುಂಟೆ, ಅಲ್ಲಿ ಎಕರೆಗೆ 100 ಸೆಂಟ್ಸ್. ನಾನು ಓದಿಕೊಂಡದ್ದು ಅವರ ಲೆಕ್ಕದಲ್ಲಿ 2 ಎಕರೆ 45 ಸೆಂಟ್ಸ್. ಇದ್ದದ್ದು ಅದಕ್ಕಿಂತ 27 ಸೆಂಟ್ಸ್ ಕಮ್ಮಿ. ಇದು ಸಣ್ಣದು ಬಿಡಿ.

ದೊಡ್ಡದು ಗೊತ್ತಾದದ್ದು ಮೇ ತಿಂಗಳಲ್ಲಿ, ಕುಂದಾಪುರದ ವಕೀಲರೊಬ್ಬರು ಹೇಳಿದ ಮೇಲೆ ಸರ್ವೇಯರ್ ಕರೆಸಿದಾಗ. ಆತ ಚೈನು ಎಳೆದು, ನಕ್ಷೆ ಬಿಡಿಸಿ, ಪೆನ್ಸಿಲ್‌ನಲ್ಲಿ ಮೂರು ಗೆರೆ ಎಳೆದ. "ಸಾರ್, ಇದು ವರ್ಗ. ಇದು ಕುಮ್ಕಿ. ಇದು ಪರಂಬೋಕು." ನಾನು ಬಾಯಿ ಬಿಟ್ಟುಕೊಂಡು ಕೂತೆ. ಖರಾಬು ಗೊತ್ತು, ಗೋಮಾಳ ಗೊತ್ತು. ಕುಮ್ಕಿ ಅಂದರೆ ಏನು?

ಕುಮ್ಕಿ ಅಂದರೆ ಸರ್ಕಾರದ ಜಾಗ. ಉಡುಪಿ ಜಿಲ್ಲೆ 1997ರಲ್ಲಿ ಬೇರೆಯಾಗುವ ತನಕ ದಕ್ಷಿಣ ಕನ್ನಡದಲ್ಲೇ ಇತ್ತಲ್ಲ, ಆ ಹಳೇ ಜಿಲ್ಲೆಯ ಕಟ್ಟಳೆ ಇದು. ಕದೀಂ ವರ್ಗದ, ಅಂದರೆ ಹಳೇ ಕಾಲದ ಪಟ್ಟಾ ಜಮೀನು ಇದ್ದವರಿಗೆ ಅದರ ಸುತ್ತ 100 ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು ತರುವ, ಸೌದೆ ಮಾಡುವ, ದನ ಮೇಯಿಸುವ ಸೌಲಭ್ಯ. 1964ರ ಭೂಕಂದಾಯ ಕಾಯ್ದೆಯ 79ನೇ ಕಲಂ ಇದನ್ನು ಉಳಿಸಿಕೊಂಡಿದೆ. ಉತ್ತರ ಕನ್ನಡದಲ್ಲಿ "ಬೆಟ್ಟ", ಕೊಡಗಿನಲ್ಲಿ "ಬಾಣೆ" ಅನ್ನೋ ಇಂಥದೇ ಸೌಲಭ್ಯಗಳು ಕೂಡ ಅದೇ ಕಲಂನಲ್ಲಿವೆ. ಸೌಲಭ್ಯ ಇದೆ, ಮಾಲೀಕತ್ವ ಇಲ್ಲ. ತಲೆಮಾರಿನಿಂದ ತೆಂಗು ಹಾಕಿ ಬೇಲಿ ಕಟ್ಟಿದ್ದರೂ ಅದನ್ನು ನಿಮ್ಮ ಹೆಸರಿಗೆ ಕ್ರಯ ಮಾಡಿಕೊಡಲು ಅವರಿಗೆ ಬರುವುದಿಲ್ಲ.

ಅಂದರೆ 6 ಎಕರೆಯಲ್ಲಿ ಕ್ರಯಪತ್ರಕ್ಕೆ ಬರುವುದು ವರ್ಗದ 2 ಎಕರೆ 18 ಸೆಂಟ್ಸ್ ಮಾತ್ರ. ಬೆಲೆ ಕಟ್ಟಿದ್ದು ಆರಕ್ಕೆ. ದಲ್ಲಾಳಿಗೆ ಫೋನ್ ಮಾಡಿದರೆ ಗಾಬರಿಯೇ ಇಲ್ಲ: "ಕುಮ್ಕಿ ಅಲ್ವಾ ಸಾರ್, ಇಲ್ಲಿ ಎಲ್ಲರೂ ಹೀಗೇ ಅನುಭವಿಸೋದು ಮಾರಾಯ್ರೆ." ಅವನ ಮಾತಿನಲ್ಲಿ ಸುಳ್ಳಿಲ್ಲ. ಎಲ್ಲರೂ ಅನುಭವಿಸುತ್ತಾರೆ. ಆದರೆ ಅನುಭವಿಸೋದನ್ನು ಎಕರೆಗೆ ಮೂವತ್ತು ಲಕ್ಷಕ್ಕೆ ಮಾರುವುದು ಬೇರೆ. ಸಮುದ್ರದ ಕಡೆಯ ಪಟ್ಟಿ ಪರಂಬೋಕು, ಅದು ಕೂಡ ಸರ್ಕಾರದ್ದೇ. ನಾವು ಕುರ್ಚಿ ಹಾಕಿಕೊಂಡು ಸೂರ್ಯಾಸ್ತ ನೋಡಿದ್ದು ಅಲ್ಲೇ.

ಅದೇ ಪ್ರವಾಸದಲ್ಲಿ ಬಾವಿಯ ನೀರನ್ನೂ ಕುಡಿದೆ. ಮೇ ತಿಂಗಳ ಮೂರನೇ ವಾರ. ಒಂದು ಗುಟುಕಿಗೆ ಉಗುಳಿದೆ. ಗಂಜಿಗೆ ಉಪ್ಪು ಹಾಕಬೇಕಾಗಿಲ್ಲ ಅನ್ನೋ ಹಾಗಿತ್ತು. ಸರ್ವೇಯರ್ ಹತ್ತಿರ ಮೀಟರ್ ಒಂದಿತ್ತು, ಅದ್ದಿದರೆ 2,600 ತೋರಿಸಿತು. ಕುಡಿಯುವ ನೀರಿನಲ್ಲಿ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲ ಅಂದಾಗ 2,000 ತನಕ ಸಹಿಸಬಹುದು ಅನ್ನುತ್ತದೆ ಭಾರತೀಯ ಮಾನಕ.

ಯಾಕೆ ಹೀಗೆ ಅಂತ ಆತ ಚೆನ್ನಾಗಿ ಹೇಳಿದ. ದಂಡೆಯ ಮರಳಿನಲ್ಲಿ ಮಳೆಯ ಸಿಹಿನೀರು ಕೆಳಗಿನ ಉಪ್ಪುನೀರಿನ ಮೇಲೆ ತೇಲಿಕೊಂಡು ಕೂತಿರುತ್ತೆ, ಎಣ್ಣೆ ತೇಲೋ ಹಾಗೆ. ಸಿಹಿನೀರು ಸಮುದ್ರಮಟ್ಟಕ್ಕಿಂತ ಒಂದು ಅಡಿ ಮೇಲಿದ್ದರೆ ಕೆಳಗೆ ಸುಮಾರು 40 ಅಡಿ ಸಿಹಿನೀರು ಇರುತ್ತೆ ಅಂತ ಲೆಕ್ಕ. ತಿರುಗಿಸಿ ನೋಡಿ: ಪಂಪು ಹಾಕಿ ಒಂದು ಅಡಿ ಇಳಿಸಿದರೆ ಉಪ್ಪು ಅಡಿಯಿಂದ 40 ಅಡಿ ಏರಿ ಬರುತ್ತೆ. ಹಳೇ ಮನೆಯವರು ಕೊಡದಲ್ಲಿ ಸೇದುತ್ತಿದ್ದಾಗ ಬಾವಿ ತಾಳಿಕೊಂಡಿತ್ತು. ಕಾಟೇಜು ಕಟ್ಟಿ, ಮೋಟಾರ್ ಇಳಿಸಿ, ಶವರ್ ಹಾಕಿದ ಮೇಲೆ ಬೇಸಿಗೆಯಲ್ಲಿ ತಾಳಲಿಲ್ಲ. ಅಜ್ಜಿ ಹೇಳಿದ್ದು ಇದನ್ನೇ.

ಟ್ಯಾಂಕರ್ ತರಿಸೋಣ ಅಂದರೆ ದಾರಿ ಎಲ್ಲಿ? ಕೊನೆಯ ಮುನ್ನೂರು ಮೀಟರ್ ಬೇರೆಯವರ ತೋಟದ ನಡುವೆ. ನಡೆದು ಹೋಗುವ ಮಾಮೂಲು ದಾರಿ ಅದು, ತಲೆಹೊರೆಗೆ ಸಾಕು. ಡಿಸೆಂಬರ್‌ನಲ್ಲಿ ನಮ್ಮ ಕಾರು ಹೋದದ್ದು ಅವತ್ತು ಬೇಲಿ ಸರಿಸಿ ಕೊಟ್ಟಿದ್ದರಿಂದ. ಜಾಹೀರಾತಿನ "ಏಕಾಂತ" ಅಂದರೆ ರಸ್ತೆ ಇಲ್ಲ ಅಂತ, ನಾನು ಅರ್ಥ ಮಾಡಿಕೊಳ್ಳಲಿಲ್ಲ.

ಇನ್ನು ಆ ಎರಡು ಕಾಟೇಜು. ಹೋಂಸ್ಟೇ ಮಾಡಿ ತಿಂಗಳಿಗೆ ಇಷ್ಟು ದುಡಿಯಬಹುದು ಅಂತ ದಲ್ಲಾಳಿ ಕಾಗದದ ಮೇಲೆ ಲೆಕ್ಕ ಬರೆದುಕೊಟ್ಟಿದ್ದ. ಪಂಚಾಯಿತಿಯಲ್ಲಿ ವಿಚಾರಿಸಿದರೆ ಹಳೇ ಮನೆಗೆ ಡೋರ್ ನಂಬರ್ ಇದೆ, ಕಾಟೇಜಿಗೆ ಇಲ್ಲ. ಸಿಗುವುದೂ ಇಲ್ಲ. ಕರಾವಳಿ ನಿಯಂತ್ರಣ ವಲಯ, ಅಂದರೆ ಎಲ್ಲರೂ ಸಿಆರ್‌ಝಡ್ ಅನ್ನೋದು, ಕಡಲಿನ ಉಬ್ಬರ ಮುಟ್ಟುವ ಗೆರೆಯಿಂದ ಒಳಗೆ 500 ಮೀಟರ್ ತನಕ ಬರುತ್ತೆ. ಮೊದಲ ಅಧಿಸೂಚನೆ 1991ರದ್ದು, ಆಮೇಲೆ 2011, ಈಗಿನದು 2019ರದ್ದು. ಹಳ್ಳಿ ಕಡೆಯ ಜಾಗದಲ್ಲಿ ಜನಸಂಖ್ಯೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಜಾಸ್ತಿ ಇದ್ದರೆ ಮೊದಲ 50 ಮೀಟರ್, ಇಲ್ಲದಿದ್ದರೆ 200 ಮೀಟರ್ ಹೊಸದಾಗಿ ಕಟ್ಟುವಂತಿಲ್ಲದ ಜಾಗ. "ಅಕ್ಕಪಕ್ಕ ಯಾರೂ ಇಲ್ಲ" ಅಂತ ಅವರೇ ಬರೆದಿದ್ದಾರಲ್ಲ, ಅಲ್ಲಿಗೆ 200 ಲೆಕ್ಕ. ಕಾಟೇಜಿನ ಗೋಡೆಯಿಂದ ಟೇಪು ಹಿಡಿದರೆ ತೊಂಬತ್ತು ಮೀಟರೂ ಇಲ್ಲ. ಮೊದಲಿಂದ ಇರುವ ಅಧಿಕೃತ ಮನೆಯನ್ನು ಅದೇ ಪಾಯದ ಅಳತೆಯಲ್ಲಿ ರಿಪೇರಿ ಮಾಡಿಕೊಳ್ಳಬಹುದು, ಅಷ್ಟೇ.

"ಪಂಚಾಯಿತಿಯಲ್ಲಿ ನಾವು ಮಾಡಿಸಿಕೊಡ್ತೇವೆ" ಅನ್ನೋ ಮಾತನ್ನು ನಂಬಬೇಡಿ. ಅದು ಪಂಚಾಯಿತಿಯ ಕೈಯಲ್ಲಿ ಇಲ್ಲ. ಕೇರಳದ ಮರಡುವಿನಲ್ಲಿ ಇದೇ ನಿಯಮ ಮುರಿದು ಕಟ್ಟಿದ ನಾಲ್ಕು ಅಪಾರ್ಟ್‌ಮೆಂಟುಗಳನ್ನು ಸುಪ್ರೀಂ ಕೋರ್ಟ್ ಆದೇಶದಂತೆ 2020ರ ಜನವರಿಯಲ್ಲಿ ಸಿಡಿಮದ್ದು ಇಟ್ಟು ಬೀಳಿಸಿದ್ದು ಟಿವಿಯಲ್ಲಿ ನೋಡಿದ್ದೀರಿ. ಅವಕ್ಕೂ ಸ್ಥಳೀಯ ಸಂಸ್ಥೆಯ ಪರವಾನಗಿ ಇತ್ತು.

ಮೂಲೆಯಲ್ಲಿ ಒಂದು ನಾಗಬನವೂ ಇದೆ. ಅದರ ಬಗ್ಗೆ ನನಗೆ ತಕರಾರಿಲ್ಲ, ಕೈ ಮುಗಿದು ಬಂದೆ. ಆದರೆ ನಾಗರ ಪಂಚಮಿಗೆ ತನು ಎರೆಯಲು ಬರುವ ಕುಟುಂಬದವರು ಎಷ್ಟು ಜನ ಅಂತ ಅಜ್ಜಿಯನ್ನು ಕೇಳಿದಾಗಲೇ ಇನ್ನೊಂದು ಸಂಗತಿ ಹೊರಬಂತು. ಆ ತೋಟ ಅಳಿಯಸಂತಾನದ, ಅಂದರೆ ತಾಯಿಯ ಕಡೆಯಿಂದ ಹಕ್ಕು ಇಳಿದು ಬರುವ ಕುಟುಂಬದ ಆಸ್ತಿ. ಅದರಲ್ಲಿ ಮೂರು ಕವರು, ಅಂದರೆ ಕವಲುಗಳಿವೆ. ಮುಂಬೈಯಲ್ಲಿರುವ ಒಂದು ಕವರಿನವರಿಗೆ ಮಾರಾಟದ ವಿಷಯವೇ ಗೊತ್ತಿಲ್ಲ. ನನಗೆ ಕರಾರು ಬರೆದುಕೊಟ್ಟವರು ಒಬ್ಬರೇ. ಪಹಣಿಯ 9ನೇ ಕಾಲಂನಲ್ಲಿ ಆರು ಹೆಸರು ಜಂಟಿಯಾಗಿ ಇದ್ದವು. "ಅವರೆಲ್ಲ ನಮ್ಮವರೇ, ಸಹಿ ಹಾಕ್ತಾರೆ" ಅಂದದ್ದಕ್ಕೆ ಸುಮ್ಮನಿದ್ದೆ.

ಜುಲೈನಲ್ಲಿ ಇನ್ನೊಮ್ಮೆ ಹೋದೆ, ದುಡ್ಡು ವಾಪಸು ಕೇಳಲು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಸೀಮೆ ಅದು. ಕಡಲಿನ ಸದ್ದಿಗೆ ಚಾವಡಿಯಲ್ಲಿ ಎದುರಿಗೆ ಕೂತವರ ಮಾತು ಕೇಳಿಸುತ್ತಿರಲಿಲ್ಲ. ಕಿಟಕಿಯ ಸರಳು ಮುಟ್ಟಿದರೆ ತುಕ್ಕು ಪದರ ಪದರವಾಗಿ ಕೈಗೆ ಬಂತು. ಮುಂದಿನ ಸಾಲಿನ ತೆಂಗಿನ ಬುಡದ ಮರಳು ಕೊಚ್ಚಿಹೋಗಿ ಬೇರೆಲ್ಲ ಬೆತ್ತಲೆ. ಒಂದು ಮರ ಆಗಲೇ ಮಲಗಿತ್ತು. ಕಡಲ್ಕೊರೆತಕ್ಕೆ ಹಾಕಿದ ಕಲ್ಲಿನ ತಡೆಗೋಡೆ ಅರ್ಧ ಕಿಲೋಮೀಟರ್ ಈಚೆಗೇ ನಿಂತುಬಿಟ್ಟಿದೆ, ಈ ತೋಟದ ಮುಂದೆ ಇಲ್ಲ. ನಾನು ಅಲ್ಲಿ ನಿಂತಿದ್ದ ಅರ್ಧ ಗಂಟೆಯಲ್ಲಿ ಎರಡು ಸಲ ನೊರೆ ಬಂದು ಬೇಲಿಯ ಕಂಬ ಮುಟ್ಟಿ ಹೋಯಿತು.

ವಕೀಲರು ವಿಸ್ತೀರ್ಣ ಸುಳ್ಳು ಹೇಳಿದ್ದಾರೆ ಅನ್ನೋ ಆಧಾರದ ಮೇಲೆ ನೋಟಿಸು ಕಳಿಸಿದ ಮೇಲೆ ಎರಡು ಲಕ್ಷ ವಾಪಸು ಬಂತು. ಮೂರು ಬಾಕಿ. ಬರುತ್ತೆ ಅಂತ ನನಗೆ ನಂಬಿಕೆ ಇಲ್ಲ. ಸರ್ವೇಯರ್‌ಗೆ ನಾನು ಕೊಟ್ಟದ್ದು ಆರು ಸಾವಿರ. ಅದೇ ಆರು ಸಾವಿರವನ್ನು ಡಿಸೆಂಬರ್‌ನಲ್ಲಿ, ಮುಂಗಡಕ್ಕೆ ಮುಂಚೆ, ಕೊಟ್ಟಿದ್ದರೆ ಸಾಕಿತ್ತು. ಅಜ್ಜಿಯ ಹತ್ತಿರ ಹತ್ತು ನಿಮಿಷ ಕೂತಿದ್ದರೆ ಅದೂ ಬೇಕಿರಲಿಲ್ಲ.

ಈಗ ಬಂದಿರುವ ಜಾಹೀರಾತಿನಲ್ಲಿ ಬೆಲೆ ಇನ್ನೂ ಜಾಸ್ತಿ ಮಾಡಿದ್ದಾರೆ. ಫೋಟೋ ಮಾತ್ರ ಹಳೇದೇ. ನೀಲಿ ಸಮುದ್ರದ ಮುಂದೆ ಬಾಗಿ ನಿಂತಿರುವ ತೆಂಗಿನ ಮರ ಎಡಗಡೆ ಕಾಣುತ್ತದಲ್ಲ, ಅದೇ ಜುಲೈನಲ್ಲಿ ನಾನು ಮಲಗಿದ್ದು ನೋಡಿದ್ದು.